ಗೃಹಸ್ಥನೂ ನಾಯಿಮರಿಯೂ

ಮಕ್ಕಳಿರುವ ಮನೆಗೆ ನಾಯಿಮರಿಯೊಂದನ್ನು ತರಬೇಕೋ ಬೇಡವೋ ಎಂಬುದು ಧರ್ಮವಿಚಾರಕ್ಕೆ ತಕ್ಕ ಪ್ರಶ್ನೆಯೇ ಎಂದು ಕೆಲವರು ಕೇಳಬಹುದು. ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲಗಳ ವಿವೇಚನೆ ನಡೆಯತಕ್ಕ ಪುಟಗಳಲ್ಲಿ ಕುನ್ನಿಯ ಮಾತೇಕೆ ಎಂಬ ಸಂದೇಹವು ಸಹಜವಾದುದೇ. ಆದರೆ ಗೃಹಸ್ಥನ ಆಚಾರವು ಒರೆಗೆ ಹತ್ತುವುದು ಹೆಚ್ಚಾಗಿ ಇಂಥ ಸಣ್ಣ ಪ್ರಸಂಗಗಳಲ್ಲಿಯೇ. ಮಠದಲ್ಲಿ ಪ್ರವಚನವನ್ನು ಕೇಳಿ ತಲೆದೂಗುವುದು ಸುಲಭ. ಮೂಕಪ್ರಾಣಿಯೊಂದು ಹೊಸ್ತಿಲು ದಾಟಿ ಒಳಬಂದ ಮೇಲೆ ಹತ್ತು ಹನ್ನೆರಡು ವರ್ಷಗಳವರೆಗೆ ಅದರ ಹಸಿವು, ನೀರಡಿಕೆ, ರೋಗ, ಮುಪ್ಪುಗಳನ್ನು ನೋಡಿಕೊಳ್ಳುವುದು ಅಷ್ಟು ಸುಲಭವಲ್ಲ.

ಹಿಂದಿನವರಿಗೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಚಿಂಚೋಳಿ, ಸೇಡಂ, ಚಿತ್ತಾಪುರ ಸೀಮೆಯ ಹಳ್ಳಿಗಳಲ್ಲಿ ನಾಯಿಯು ಓಣಿಯದಾಗಿರುತ್ತಿತ್ತು, ಇಲ್ಲವೆ ಹೊಲದ್ದಾಗಿರುತ್ತಿತ್ತು. ಓಣಿಯ ನಾಯಿಗೆ ನಾಲ್ಕು ಮನೆಯ ರೊಟ್ಟಿಯ ತುಣುಕು. ಹೊಲದ ನಾಯಿಗೆ ತೊಗರಿ ಜೋಳದ ಕಾವಲು, ಕಾಡುಹಂದಿಯನ್ನು ಬೆದರಿಸುವ ಕೆಲಸ. ಅದು ಯಾರದೂ ಆಗಿರಲಿಲ್ಲ, ಎಲ್ಲರದೂ ಆಗಿತ್ತು. ಈಗ ಕಾಲ ಬದಲಾಗಿದೆ. ಪಟ್ಟಣದ ಬಂಧುಗಳ ಮನೆಗಳಲ್ಲಿ ನಾಯಿ ನಡುಮನೆಯಲ್ಲಿ ಮಲಗುವುದನ್ನು ಹಳ್ಳಿಯ ಮಕ್ಕಳು ಕಾಣುತ್ತಾರೆ. ಕೈಯೊಳಗಿನ ದೂರವಾಣಿಯ ಚಿತ್ರಗಳಲ್ಲಿಯೂ ಅದನ್ನೇ ಕಾಣುತ್ತಾರೆ. ‘ನಮ್ಮದು’ ಎಂದು ಹೇಳಿಕೊಳ್ಳಬಹುದಾದ ಮರಿಯೊಂದು ಅವರಿಗೆ ಬೇಕಾಗುತ್ತದೆ. ವಿಚಾರವೆಲ್ಲ ಅಡಗಿರುವುದು ಈ ‘ನಮ್ಮದು’ ಎಂಬ ಮಾತಿನಲ್ಲಿ. ಓಣಿಯ ನಾಯಿಗೆ ಒಂದು ದಿನ ರೊಟ್ಟಿ ಹಾಕದಿದ್ದರೆ ಅದು ಮತ್ತೊಂದು ಬಾಗಿಲಿಗೆ ಹೋದೀತು. ನಮ್ಮದೆಂದು ಕಟ್ಟಿಹಾಕಿದ ನಾಯಿಗೆ ಮತ್ತೊಂದು ಬಾಗಿಲಿಲ್ಲ.

ಮಹಾಭಾರತವನ್ನು ಬಲ್ಲವರು ಒಂದು ಸಂಗತಿಯನ್ನು ನೆನೆಯಬಹುದು. ಆ ಮಹಾಗ್ರಂಥದ ಆದಿಪರ್ವದ ಮೊದಲ ಕಥೆಗಳಲ್ಲಿಯೇ ಒಂದು ನಾಯಿಮರಿ ಬರುತ್ತದೆ. ಕುರುಕ್ಷೇತ್ರದಲ್ಲಿ ಜನಮೇಜಯನು ದೀರ್ಘಸತ್ರವನ್ನು ನಡೆಸುತ್ತಿರಲು, ದೇವಶುನಿಯಾದ ಸರಮೆಯ ಮಗನು ಅಲ್ಲಿಗೆ ಬಂದನು. ರಾಜನ ಮೂವರು ತಮ್ಮಂದಿರು ಅದನ್ನು ಹೊಡೆದರು. ಮರಿ ಅಳುತ್ತ ತಾಯಿಯ ಬಳಿಗೆ ಹೋಯಿತು. ನೀನೇನಾದರೂ ಅಪರಾಧ ಮಾಡಿದೆಯಾ ಎಂದು ತಾಯಿ ಮೊದಲು ಮಗನನ್ನೇ ಕೇಳಿದಳು. ಹವಿಸ್ಸನ್ನು ನೆಕ್ಕಲೂ ಇಲ್ಲ, ಅದರತ್ತ ನೋಡಲೂ ಇಲ್ಲವೆಂದು ಅದು ಹೇಳಿತು. ಸರಮೆ ಯಜ್ಞಮಂಟಪಕ್ಕೆ ಬಂದು ನ್ಯಾಯ ಕೇಳಿದಾಗ ಯಾರೂ ಉತ್ತರ ಕೊಡಲಿಲ್ಲ. ನಿರಪರಾಧಿಯನ್ನು ಹೊಡೆದ ನಿಮಗೆ ಕಾಣದ ಭಯವೊಂದು ಬಂದೊದಗಲಿ ಎಂದು ಅವಳು ಶಪಿಸಿದಳು. ಹೊಡೆದವರು ತಮ್ಮಂದಿರು, ದಿಗಿಲುಗೊಂಡು ಶಾಂತಿಗಾಗಿ ಪುರೋಹಿತನನ್ನು ಅರಸುತ್ತ ಅಲೆದವನು ಮನೆಯ ಯಜಮಾನನಾದ ಜನಮೇಜಯ. ಅದೇ ಗ್ರಂಥದ ಕೊನೆಯಲ್ಲಿ ಯುಧಿಷ್ಠಿರನು ತನ್ನನ್ನು ನಂಬಿ ಹಿಂಬಾಲಿಸಿದ ನಾಯಿಯನ್ನು ಬಿಟ್ಟು ಇಂದ್ರನ ರಥವನ್ನು ಏರಲೊಲ್ಲೆನೆನ್ನುವುದು ಎಲ್ಲರಿಗೂ ಗೊತ್ತಿದೆ. ಆ ಕೊನೆಯನ್ನು ನೆನೆದು ಕಣ್ಣೊರೆಸಿಕೊಳ್ಳುವವರು ಮೊದಲನ್ನು ಮರೆತಿರುತ್ತಾರೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಆ ಮೊದಲಿನ ಕಥೆಯೇ ಹೆಚ್ಚು ಪ್ರಯೋಜನಕಾರಿಯಾದದ್ದು. ಮಗುವು ಮರಿಗೆ ಮಾಡಿದ್ದರ ಲೆಕ್ಕವು ಮನೆಯ ಹಿರಿಯನ ಹೆಸರಿಗೆ ಬರೆಯಲ್ಪಡುತ್ತದೆ.

ಶರಣರ ವಚನಗಳಲ್ಲಿ ನಾಯಿಯ ಉಪಮೆ ಬಂದಾಗ ಅದು ಬಹುಮಟ್ಟಿಗೆ ಹೀನಾರ್ಥದಲ್ಲಿಯೇ ಬಂದಿದೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ಅಂದಣದಲ್ಲಿ ಕುಳಿತರೂ ತನ್ನ ಹಳೆಯ ಚಾಳಿಯನ್ನು ಬಿಡದ ನಾಯಿಯನ್ನು ಬಸವಣ್ಣನವರು ವಿಷಯಕ್ಕೆ ಹರಿಯುವ ಮನಸ್ಸಿಗೆ ಹೋಲಿಸಿದರು. ಇದನ್ನೇ ಹಿಡಿದುಕೊಂಡು, ನಾಯಿಯು ಭಕ್ತನ ಮನೆಗೆ ಸಲ್ಲದ ಪ್ರಾಣಿಯೆಂದು ವಾದಿಸುವ ಹಿರಿಯರು ಉಂಟು. ಆದರೆ ಅಲ್ಲಿ ನಿಂದೆಗೆ ಗುರಿಯಾದದ್ದು ಮನುಷ್ಯನ ಮನಸ್ಸು, ನಾಯಿಯಲ್ಲ. ನಾಯಿ ತನ್ನ ಸ್ವಭಾವದಂತೆ ನಡೆಯುವುದರಲ್ಲಿ ಪಾಪವೇನಿದೆ? ಹಾವಿನಹಾಳ ಕಲ್ಲಯ್ಯನವರು ಜಾತಿಯ ಹಮ್ಮಿನಿಂದ ಬಂದವರೆದುರಿಗೆ ನಾಯಿಯ ಬಾಯಿಂದಲೇ ವೇದವನ್ನು ಓದಿಸಿದರೆಂಬ ಐತಿಹ್ಯವನ್ನು ನಮ್ಮ ಪರಂಪರೆಯೇ ಕಾಪಾಡಿಕೊಂಡು ಬಂದಿದೆ. ಮೈಲಾರಲಿಂಗನ ಸನ್ನಿಧಿಯಲ್ಲಿ ನಾಯಿ ದೇವರ ಸಂಗಾತಿ. ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಕ ೮೭೨ರ ಶಾಸನವಂತೂ ಓದಿದವರನ್ನು ಬೆರಗುಗೊಳಿಸುತ್ತದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನು ಮೆಚ್ಚಿದ ಒಡೆಯನಿಂದ ಭೂಮಿಯನ್ನಾಗಲಿ ಹೊನ್ನನ್ನಾಗಲಿ ಬೇಡದೆ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿಕೊಂಡನು. ಅದು ಕಾಡುಹಂದಿಯೊಡನೆ ಸೆಣಸಿ, ಹಂದಿಯೂ ತಾನೂ ಸತ್ತಾಗ, ಶಿವಾಲಯದ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಆ ನಾಯಿಯ ಪಾಪವೇ ತಗಲುವುದೆಂದು ಶಾಸನವು ವಿಧಿಸಿದೆ. ಸಾವಿರ ವರ್ಷಗಳಿಗೂ ಹಿಂದೆ ಕನ್ನಡ ನೆಲದ ಶಿವಾಲಯವೊಂದರ ಎದುರಿಗೆ ನಾಯಿಗೆ ಸಂದ ಗೌರವವಿದು.

ಇನ್ನು ಮೈಲಿಗೆಯ ಮಾತು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ಲಿಂಗಧಾರಿಯು ಒಪ್ಪತಕ್ಕವನಲ್ಲ. ಹೀಗಿರಲು ನಾಯಿಯ ಮೂತಿ ತಾಗಿತೆಂದು ಮನೆಯೇ ಕೆಟ್ಟಿತೆನ್ನುವುದು, ಬಾಗಿಲಿನಿಂದ ಹೊರಹಾಕಿದ ಸೂತಕವನ್ನು ಕಿಟಕಿಯಿಂದ ಒಳಕರೆದಂತೆ. ಆದರೆ ಸೂತಕವನ್ನು ಬಿಟ್ಟವನು ಶುಚಿಯನ್ನು ಬಿಡಬೇಕಾಗಿಲ್ಲ. ನಾಯಿಮರಿಗಳ ಹೊಟ್ಟೆಯಲ್ಲಿ ದುಂಡುಹುಳುಗಳಿರುವುದು ಸಾಮಾನ್ಯ. ಅವುಗಳ ತತ್ತಿಗಳು ಮಲದ ಮೂಲಕ ಮಣ್ಣಿಗೆ, ಮಣ್ಣಿನಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತವೆ. ಆದುದರಿಂದ ಪೂಜೆಯ ಕೋಣೆಗೂ ಅಡುಗೆಯ ಒಲೆಯ ಬಳಿಗೂ ನಾಯಿಯನ್ನು ಬಿಡದಿರುವುದು, ಮರಿಗೆ ಕಾಲಕಾಲಕ್ಕೆ ಜಂತುಹುಳದ ಔಷಧಿ ಕುಡಿಸುವುದು, ಮಕ್ಕಳು ಉಣ್ಣುವ ಮೊದಲು ಕೈತೊಳೆಯುವುದು, ಇವು ಆರೋಗ್ಯದ ನಿಯಮಗಳು. ಅಜ್ಜಿಯ ಮಡಿಯೂ ವೈದ್ಯನ ಶುಚಿಯೂ ಇಲ್ಲಿ ಒಂದೇ ಗೆರೆಯನ್ನು ಎಳೆಯುತ್ತವೆ. ಕಾರಣ ಮಾತ್ರ ಬೇರೆ.

ಈಗ ಮುಲ್ಲಾಮಾರಿಯ ದಂಡೆಯ ಚಿಮ್ಮನಚೋಡದಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಗಂಡ ಹೆಂಡಿರು, ಮುದುಕಿಯಾದ ತಾಯಿ, ಏಳು ವರ್ಷದ ಮಗ, ಮೂರು ವರ್ಷದ ಮಗಳು. ಒಂದಿಷ್ಟು ತೊಗರಿಯ ಹೊಲ. ಚಳಿಗಾಲದಲ್ಲಿ ಓಣಿಯ ನಾಯಿಯೊಂದು ಕಲ್ಲುಚಪ್ಪಡಿಗಳ ಒಟ್ಟಿಲಿನ ಸಂದಿಯಲ್ಲಿ ಈದಿದೆ. “ಅಪ್ಪಾ, ಆ ಕರೇ ಕುನ್ನಿ ನಮಗ ಬೇಕು” ಎಂದು ಹುಡುಗನ ಹಟ. “ನಾಯಿ ಒಳಗ ಬಂದ್ರ ಪೂಜಿ ಹ್ಯಾಂಗ ಮಾಡೂದು?” ಎಂದು ಮುದುಕಿಯ ಆಕ್ಷೇಪ. ಮಕ್ಕಳಿಗೆ ದಯೆಯ ಪಾಠವಾಗುತ್ತದೆ, ತರೋಣ ಎಂದು ಗಂಡನ ವಿಚಾರ. ಹೆಂಡತಿ ಏನೂ ಅನ್ನುವುದಿಲ್ಲ. ಬಹಳ ಕೇಳಿದ ಮೇಲೆ, “ತಂದ್ರ ಎಲ್ಲಾ ನನ್ನ ಕೈಯಾಗೇ ಬೀಳ್ತದ” ಎನ್ನುತ್ತಾಳೆ. ಇಂಥ ಮನೆಗಳು ಒಂದಲ್ಲ, ಊರೂರಿಗೆ ಹತ್ತು ಇವೆ.

ಗಂಡನ ವಿಚಾರವು ಮೇಲ್ನೋಟಕ್ಕೆ ಬಲು ಸಾತ್ತ್ವಿಕವಾದದ್ದು. ದಯೆಯು ಧರ್ಮಕ್ಕೆ ಬೇರಿನಂತಿದೆಯೆಂದು ಶರಣರು ಸಾರಿದ್ದಾರೆ. ಮಕ್ಕಳು ಅದನ್ನು ಮರಿಯ ಮೂಲಕ ಕಲಿಯಲಿ ಎಂಬುದು ಅವನ ಆಶಯ. ಆದರೆ ಇದರಲ್ಲಿ ಒಂದು ಸೂಕ್ಷ್ಮವಾದ ದೋಷವಿದೆ. ಮಗುವಿಗೆ ಅಕ್ಷರ ಕಲಿಸಲು ಪಾಟಿಯನ್ನು ತರುವಂತೆ, ದಯೆ ಕಲಿಸಲು ಜೀವವೊಂದನ್ನು ತರುವುದು ಸರಿಯೇ? ಪಾಟಿ ಒಡೆದರೆ ಇನ್ನೊಂದು ಬರುತ್ತದೆ. ಪಾಠ ಕಲಿಯುವವನು ಮೊದಲು ತಪ್ಪುತ್ತಾನೆ, ತಪ್ಪಿ ತಿದ್ದಿಕೊಳ್ಳುತ್ತಾನೆ. ಇಲ್ಲಿ ಆ ತಪ್ಪುಗಳೆಲ್ಲ ಬೀಳುವುದು ಮರಿಯ ಮೈಮೇಲೆ. ದಾಸೋಹಕ್ಕೂ ದಾನಕ್ಕೂ ಶರಣರು ಕಂಡ ಅಂತರ ಇದೇ ಅಲ್ಲವೇ? ದಾನಿಯು ಕೊಟ್ಟು ತನಗೊಂದು ಫಲವನ್ನು ಎಣಿಸುತ್ತಾನೆ. ದಾಸೋಹಿಯು ಉಣ್ಣುವ ಜೀವವನ್ನೇ ನೋಡುತ್ತಾನೆ. ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರು ತಮ್ಮ ಹೊಲದ ತೆನೆಗೆ ಎರಗಿದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ಕುಡಿಯಲು ನೀರನ್ನೂ ಇಡಿಸಿದರೆಂದು ಈ ಸೀಮೆಯ ಜನರೆಲ್ಲ ಹೇಳುತ್ತಾರೆ. ಅವರು ಹಕ್ಕಿಗಳಿಂದ ಯಾರಿಗೂ ಏನನ್ನೂ ಕಲಿಸಲು ಹೊರಟಿರಲಿಲ್ಲ. ಹಕ್ಕಿಗಳು ಹಸಿದಿದ್ದವು, ಅಷ್ಟೆ. ನೋಡಿದ ಮಕ್ಕಳು ಕಲಿತಿದ್ದರೆ ಅದು ತಾನಾಗಿ ಬಂದ ಲಾಭ.

ಆದುದರಿಂದ ಮರಿಯನ್ನು ತರುವ ಗೃಹಸ್ಥನು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು: ಮಕ್ಕಳು ಒಂದು ತಿಂಗಳಲ್ಲಿ ಬೇಸತ್ತು ಅದನ್ನು ಮರೆತರೂ ತಾನು ಅದನ್ನು ಸಾಕುವನೇ? ಮಕ್ಕಳು ಮರೆಯುವುದು ಖಂಡಿತ. ಅದು ಅವರ ತಪ್ಪಲ್ಲ. ಏಳು ವರ್ಷದವನು ದಿನಾಲೂ ನಾನೇ ರೊಟ್ಟಿ ಹಾಕುತ್ತೇನೆಂದು ಆಣೆಯಿಡುವುದು ಆ ಕ್ಷಣದ ಮಟ್ಟಿಗೆ ಪೂರ್ಣ ಸತ್ಯ. ಆದರೆ ಚೆನ್ನಾಗಿ ಸಾಕಿದ ನಾಯಿ ಹತ್ತರಿಂದ ಹದಿಮೂರು ವರ್ಷ ಬದುಕುತ್ತದೆ. ಅದು ಕಣ್ಣು ಮಂಜಾಗಿ, ಕಾಲು ಬಿದ್ದು ಮೂಲೆಯಲ್ಲಿ ಮಲಗುವ ಹೊತ್ತಿಗೆ ಈ ಹುಡುಗನು ಕಲಬುರಗಿಯಲ್ಲೋ ಬೆಂಗಳೂರಿನಲ್ಲೋ ಕಾಲೇಜಿನಲ್ಲಿರುತ್ತಾನೆ. ಮಗುವಿನ ಆಣೆಯನ್ನು ನಂಬಿ ಜೀವವನ್ನು ತರುವುದು, ಮಗುವಿನ ಹೆಸರಿನಲ್ಲಿ ಸಾಲಪತ್ರ ಬರೆಸಿದಂತೆ. ವ್ರತವನ್ನು ಹಿಡಿಯತಕ್ಕವರು ದೊಡ್ಡವರು. ಮಕ್ಕಳಿಗೆ ನೀರಿನ ಬಟ್ಟಲು ತುಂಬುವಂಥ ಸಣ್ಣ ಕೆಲಸವನ್ನು ವಹಿಸಬಹುದು. ಅದನ್ನೂ ಸಂಜೆ ಒಮ್ಮೆ ದೊಡ್ಡವರು ನೋಡಬೇಕು.

ದೊಡ್ಡವರೆಂದರೆ ಯಾರು? ಇಲ್ಲಿಯೇ ಆ ಹೆಂಡತಿಯ ಮಾತು ಬರುತ್ತದೆ. ಮರಿಯ ಮಲಮೂತ್ರ ಒರೆಸುವುದು, ಅದಕ್ಕೆಂದು ಇನ್ನೆರಡು ರೊಟ್ಟಿ ಬಡಿಯುವುದು, ರಾತ್ರಿ ತಾಯಿಯನ್ನು ನೆನೆದು ಅದು ಕುಯ್‌ಗುಟ್ಟಿದಾಗ ಏಳುವುದು ಬಹುತೇಕ ಮನೆಗಳಲ್ಲಿ ಒಬ್ಬಳದೇ ಪಾಲು. ಗಂಡನು ದಯಾಳುವೆಂಬ ಹೆಸರು ಪಡೆಯುತ್ತಾನೆ, ಮಕ್ಕಳು ಆಟವನ್ನು ಪಡೆಯುತ್ತಾರೆ, ಕಾಯಕ ಮಾತ್ರ ಅವಳದಾಗುತ್ತದೆ. ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಎಲ್ಲ ಭಕ್ತರೂ ಕೇಳಿದ್ದಾರೆ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಅವರು ಎಂದಿಗಿಂತ ಹೆಚ್ಚು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಒಳಗೆ ಬರಗೊಡಲಿಲ್ಲ; ಬೇಕಾದಷ್ಟನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬರಲು ಕಳಿಸಿದರು. ಮನೆಗೆ ಏನು ಬರತಕ್ಕದ್ದು, ಎಷ್ಟು ಬರತಕ್ಕದ್ದು ಎಂಬ ವಿಷಯದಲ್ಲಿ ಸತಿಯ ತೀರ್ಮಾನವನ್ನು ಪತಿಯು ತಲೆಬಾಗಿ ಒಪ್ಪಿದ ಉದಾಹರಣೆ ಇದು. ಕಥೆಯನ್ನು ಹೊಗಳುವವರು ತಮ್ಮ ಮನೆಯಲ್ಲಿ ಅದನ್ನು ನಡೆಸಲು ಇದೊಂದು ಒಳ್ಳೆಯ ಸಂದರ್ಭ. ಹೆಂಡತಿಯು ಮನಸಾರೆ ಒಪ್ಪದ ಮನೆಗೆ ಮರಿ ಬರಕೂಡದು. ಒಪ್ಪಬೇಕಾದರೆ ಕೆಲಸಗಳು ಹಂಚಿಕೆಯಾಗಬೇಕು. ಬೆಳಗಿನ ಸೆಗಣಿ ಕಸದ ಜೊತೆಗೆ ನಾಯಿಯ ಹೇಲನ್ನು ಬಳಿಯುವ ಕೆಲಸ ಗಂಡನದೆಂದು ಮೊದಲೇ ಮಾತಾಗಬೇಕು. ಈ ಮಾತು ಕೆಲವರಿಗೆ ನಗೆ ತರಿಸೀತು. ಆದರೆ ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಮಠದಲ್ಲಿ ಕೇಳುವಾಗ ಯಾರೂ ನಗುವುದಿಲ್ಲ.

ಮೂರು ವರ್ಷದ ಮಗಳ ವಿಷಯವು ಇನ್ನೂ ಹೆಚ್ಚು ಎಚ್ಚರವನ್ನು ಬೇಡುತ್ತದೆ. ಆ ವಯಸ್ಸಿನ ಮಗುವಿಗೆ ಮರಿಯು ಗೊಂಬೆಗಿಂತ ಬೇರೆಯಲ್ಲ. ಬಾಲ ಎಳೆಯುತ್ತದೆ, ಉಣ್ಣುವಾಗ ಬಟ್ಟಲಿಗೆ ಕೈ ಹಾಕುತ್ತದೆ, ಮಲಗಿದ್ದಾಗ ಮೇಲೆ ಬೀಳುತ್ತದೆ. ಮರಿಯೂ ಹಾಗೆಯೇ. ಅದರ ಹಾಲುಹಲ್ಲುಗಳು ಸೂಜಿಯಂತಿರುತ್ತವೆ. ತನ್ನ ಒಡಹುಟ್ಟುಗಳೊಡನೆ ಕಚ್ಚಾಡಿ ಆಡಿದಂತೆ ಮಗುವಿನ ಕೈಯೊಡನೆಯೂ ಆಡುತ್ತದೆ. ಅದರಲ್ಲಿ ದ್ವೇಷವಿಲ್ಲ. ಆದರೆ ಮಗು ಅತ್ತು, ದೊಡ್ಡವರು ಬಂದು ಮರಿಯನ್ನು ಬಡಿದರೆ, ಜನಮೇಜಯನ ಯಜ್ಞಶಾಲೆಯೇ ಮತ್ತೆ ನಡೆದಂತಾಯಿತು. ಐದಾರು ವರ್ಷ ತುಂಬುವವರೆಗೆ ಮಗುವನ್ನೂ ನಾಯಿಯನ್ನೂ ಒಂದು ಗಳಿಗೆಯೂ ತಾವಾಗಿ ಬಿಡಬಾರದು, ಎಷ್ಟೇ ಸಾಧುವಾದ ನಾಯಿಯಾಗಿದ್ದರೂ. ಸದಾ ಒಬ್ಬರು ಕಣ್ಣಿಡಲು ಬಿಡುವಿಲ್ಲದ ಮನೆಯು ಎರಡು ವರ್ಷ ತಡೆಯುವುದೇ ವಿಹಿತ.

ಇದಕ್ಕೆ ಕಾರಣವು ಗೀರುಗಾಯವಷ್ಟೇ ಅಲ್ಲ. ಹುಚ್ಚುನಾಯಿ ರೋಗದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ೫೯,೦೦೦ ಜನರು ಸಾಯುತ್ತಾರೆಂದು ಅಂದಾಜಿದೆ. ಅವರಲ್ಲಿ ಮೂರನೆಯ ಒಂದು ಪಾಲಿನಷ್ಟು ಭಾರತದವರು, ಅವರೊಳಗೂ ಮಕ್ಕಳೇ ಬಹಳ. ಮಕ್ಕಳು ಕುಳ್ಳರಾದುದರಿಂದ ಕಡಿತವು ಮುಖ, ಕುತ್ತಿಗೆಗಳಿಗೆ ಬೀಳುತ್ತದೆ. ಬೈದಾರೆಂಬ ಅಂಜಿಕೆಯಿಂದ ಗೀರನ್ನು ಬಚ್ಚಿಡುತ್ತಾರೆ. ರೋಗದ ಲಕ್ಷಣಗಳು ತೋರಿದ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಲಕ್ಷಣ ತೋರುವ ಮೊದಲು ತಡೆಯುವ ದಾರಿ ೧೮೮೫ರಿಂದಲೇ ಇದೆ. ಆ ವರ್ಷದ ಜುಲೈ ೬ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರನು ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಮೊದಲ ಚುಚ್ಚುಮದ್ದನ್ನು ಕೊಡಿಸಿದನು, ಬಾಲಕನು ಬದುಕಿದನು. ನಾಯಿ ಕಚ್ಚಿದರೆ, ಇಲ್ಲವೆ ಉಗುರಿನಿಂದ ಗೀರಿದರೂ, ಮರಿಯೇ ಆಗಿದ್ದರೂ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಖಾರದಪುಡಿ, ಅರಿಸಿನ ಮೆತ್ತುವುದು, ಮಂತ್ರ ಹಾಕಿಸಿಕೊಂಡು ಮನೆಗೆ ಬರುವುದು ಪ್ರಾಣಕ್ಕೆ ಎರವಾದ ಪದ್ಧತಿಗಳು. ಚರ್ಮದೊಳಗೆ ಕೊಡುವ ಚುಚ್ಚುಮದ್ದಿಗೆ ಮೊದಲ ದಿನ, ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನ ಎಂದು ನಾಲ್ಕು ಸಲ ಹೋಗಬೇಕಾಗುತ್ತದೆ. ರಕ್ತ ಬಂದ ಗಾಯಕ್ಕೆ ಅದರ ಸುತ್ತ ಹಾಕುವ ಬೇರೊಂದು ಔಷಧಿಯೂ ಬೇಕು. ನಡುವೆ ಬಿಡತಕ್ಕದ್ದಲ್ಲ. ಮರಿಗೆ ಮೂರು ತಿಂಗಳಿಗೆ ಈ ರೋಗದ ಲಸಿಕೆ, ಅನಂತರ ಪಶುವೈದ್ಯರು ಹೇಳಿದಂತೆ ಪ್ರತಿವರ್ಷ. ಅದಕ್ಕೂ ಮೊದಲೇ, ಆರರಿಂದ ಎಂಟು ವಾರಕ್ಕೆ, ರಕ್ತಭೇದಿ ಮಾಡಿ ಮರಿಗಳನ್ನು ಕೊಲ್ಲುವ ಪಾರ್ವೋ ಮೊದಲಾದವುಗಳ ಲಸಿಕೆ. ಈ ವೆಚ್ಚವನ್ನೂ ತಾಲೂಕಿನ ಪಶು ಆಸ್ಪತ್ರೆಗೆ ಹೋಗಿಬರುವ ದಿನಗಳನ್ನೂ ಲೆಕ್ಕ ಹಾಕದವನು ಮರಿಯನ್ನು ತರುವ ಮಾತೆತ್ತಬಾರದು.

ಉಣಿಸಿನ ವಿಷಯವು ಭಕ್ತರ ಮನೆಗಳಲ್ಲಿ ವಿಶೇಷ ವಿಚಾರಕ್ಕೆ ಎಡೆಗೊಡುತ್ತದೆ. ಪ್ರಸಾದನಿಷ್ಠೆಯುಳ್ಳ ಮನೆಯಲ್ಲಿ ತಟ್ಟೆಯಲ್ಲಿ ಒಂದಗುಳೂ ಉಳಿಯುವುದಿಲ್ಲ. ತಟ್ಟೆಯನ್ನು ತೊಳೆದ ನೀರನ್ನೂ ಕುಡಿಯುವ ಹಿರಿಯರು ಇನ್ನೂ ಇದ್ದಾರೆ. ಹಾಗಾದರೆ ನಾಯಿಗೆ ಏನು? ಮಿಕ್ಕದ್ದನ್ನು ನಾಯಿಗೆ ಹಾಕುವ ಮನೆಯಲ್ಲಿ ಮಿಕ್ಕ ದಿನ ಅದಕ್ಕೆ ಊಟ, ಮಿಗದ ದಿನ ಉಪವಾಸ. ಪ್ರಸಾದಿಯ ಮನೆಯಲ್ಲಿ ಮಿಗುವುದೇ ಇಲ್ಲವಾದ್ದರಿಂದ ಅದರ ಪಾಲನ್ನು ಮೊದಲೇ ಎತ್ತಿಡಬೇಕಾಗುತ್ತದೆ. ಇದು ತೊಡಕೆಂದು ತೋರಿದರೂ ನಿಜಕ್ಕೂ ಉತ್ತಮವಾದ ಕ್ರಮ: ನಾಯಿಯ ಪಾಲು ಆಗ ಎಂಜಲಾಗದೆ ಮನೆಯ ಪಂಕ್ತಿಯೊಳಗಿನ ಒಂದು ಪಾಲಾಗುತ್ತದೆ. ಮಾಂಸವಿಲ್ಲದೆ ನಾಯಿ ಬದುಕೀತೇ ಎಂಬ ಪ್ರಶ್ನೆಯೂ ಇದೆ. ಬೆಕ್ಕು ಬದುಕಲಾರದು, ಅದರ ದೇಹಕ್ಕೆ ಮಾಂಸವು ಅಗತ್ಯ. ನಾಯಿಯು ಸಾವಿರಾರು ವರ್ಷ ಮನುಷ್ಯನ ಧಾನ್ಯವನ್ನು ತಿಂದು, ತನ್ನ ಪೂರ್ವಜನಾದ ತೋಳಕ್ಕಿಂತ ಹಿಟ್ಟನ್ನು ಹೆಚ್ಚಾಗಿ ಅರಗಿಸಿಕೊಳ್ಳುವ ಶಕ್ತಿಯನ್ನು ಪಡೆದಿದೆ. ಆದರೆ ಬರಿಯ ಜೋಳದ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ಹಾಕಿದರೆ ಬೆಳೆಯುವ ಮರಿಯ ಎಲುಬುಗಳು ಸೊಟ್ಟಗಾಗುತ್ತವೆ. ಬೇಯಿಸಿದ ತೊಗರಿಬೇಳೆ, ಮೊಸರು ಬೇಕು. ಎಳೆಯ ಮರಿಗೆ ಅದೂ ಸಾಲದು, ಪಶುವೈದ್ಯರನ್ನು ಕೇಳಿ ಮರಿಗಳ ಆಹಾರವನ್ನು ಕೂಡಿಸಬೇಕು. ಉಳ್ಳಾಗಡ್ಡಿ, ಬಳ್ಳೊಳ್ಳಿ, ದ್ರಾಕ್ಷಿ, ಚಾಕೊಲೇಟುಗಳು ನಾಯಿಗೆ ವಿಷ; ರೊಟ್ಟಿಗೆ ಉಳ್ಳಾಗಡ್ಡಿ ಕಡಿದುಕೊಂಡು ಉಣ್ಣುವ ಈ ಸೀಮೆಯ ಮನೆಗಳು ಇದನ್ನು ನೆನಪಿಡಬೇಕು.

ಕಟ್ಟಿಹಾಕುವ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಕಲಬುರಗಿ ಸೀಮೆಯ ಬೇಸಿಗೆಯಲ್ಲಿ ಬಿಸಿಲು ೪೨ ಡಿಗ್ರಿಯನ್ನು ದಾಟುತ್ತದೆ. ಅಂಗಳಕ್ಕೆ ಹಾಸಿದ ಶಹಾಬಾದಿನ ಕಲ್ಲು ಮಧ್ಯಾಹ್ನಕ್ಕೆ ಹಂಚಿನಂತೆ ಕಾಯುತ್ತದೆ. ನಾಯಿಗೆ ಮನುಷ್ಯನಂತೆ ಬೆವರಿಲ್ಲ. ನಾಲಗೆ ಚಾಚಿ ಏದುಸಿರಿನಿಂದಲೇ ಮೈ ತಣಿಸಿಕೊಳ್ಳಬೇಕು. ಮೊಣಕೈಯುದ್ದದ ಸರಪಳಿಯಲ್ಲಿ ಅದನ್ನು ಅಲ್ಲಿ ಬಿಗಿದು ಹೊಲಕ್ಕೆ ಹೋಗುವವನ ಕೊರಳಲ್ಲಿ ಲಿಂಗವಿದ್ದು ಫಲವೇನು? ೧೯೬೦ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯು ಗಿಡ್ಡ ಸರಪಳಿಯಲ್ಲಿ ಬಹುಕಾಲ ಕಟ್ಟುವುದನ್ನು, ಅನ್ನ ನೀರು ನೆರಳು ಕೊಡದಿರುವುದನ್ನು, ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವುದನ್ನು ಅಪರಾಧಗಳಲ್ಲಿ ಎಣಿಸಿದೆ. ಮುಲ್ಲಾಮಾರಿಗೆ ಮಹಾಪೂರ ಬಂದ ರಾತ್ರಿ ಮನೆಮಂದಿಯೆಲ್ಲ ಎತ್ತರಕ್ಕೆ ಓಡುವಾಗ ಆ ಸರಪಳಿಯನ್ನು ಬಿಚ್ಚುವವರು ಯಾರೆಂಬುದನ್ನೂ ನದಿಯ ದಂಡೆಯ ಊರವರು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಯಾವ ಮರಿ ಎಂಬ ಬಗ್ಗೆ ಒಂದೆರಡು ಮಾತು ಸಾಕು. ಹಣ ಕೊಟ್ಟು ದೂರದ ತಳಿಗಳನ್ನು ತರಿಸುವ ಹುರುಡು ಹಳ್ಳಿಗಳಿಗೂ ಬಂದಿದೆ. ಹಿಮದ ನಾಡಿನ ದಟ್ಟ ರೋಮದ ನಾಯಿಯನ್ನು ಸೇಡಮ್ಮಿನ ಬಿಸಿಲಿಗೆ ತರುವುದು ಹಿಂಸೆ. ನಮ್ಮ ನಾಡಿನದೇ ಆದ ಮುಧೋಳ ನಾಯಿ ಕೀರ್ತಿವೆತ್ತದ್ದು. ಭಾರತದ ಅಂಚೆ ಇಲಾಖೆ ೨೦೦೫ರಲ್ಲಿ ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಆದರೆ ಅದು ಬಯಲಿನಲ್ಲಿ ಓಡುವ ಬೇಟೆನಾಯಿ, ಎರಡು ಅಂಕಣದ ಮನೆಯಲ್ಲಿ ಕೊರಗುತ್ತದೆ. ಕಲ್ಲಿನ ಒಟ್ಟಿಲಲ್ಲಿ ಹುಟ್ಟಿದ ಓಣಿಯ ಮರಿಯು ಈ ಹವೆಗೆ ಹುಟ್ಟಿನಿಂದಲೇ ಒಗ್ಗಿದ್ದು. ಅದರ ಒಡಹುಟ್ಟುಗಳಲ್ಲಿ ಬಹಳಷ್ಟು ವರ್ಷ ತುಂಬುವ ಮೊದಲೇ ಗಾಲಿಗಳಡಿಗೋ ರೋಗಕ್ಕೋ ಸಾಯುತ್ತವೆ. ತರುವುದಾದರೆ ಅದನ್ನೇ ತರುವುದು ಮೇಲು. ಆದರೆ ಕಣ್ಣು ತೆರೆದ ಕೂಡಲೇ ಎತ್ತಿಕೊಂಡು ಬರಬಾರದು. ಎಂಟು ವಾರ ತಾಯಿಯ ಬಳಿಯಿರಬೇಕು. ೨೦೧೭ರ ಕೇಂದ್ರ ಸರಕಾರದ ನಿಯಮಗಳು ಎಂಟು ವಾರ ತುಂಬದ ಮರಿಯ ಮಾರಾಟವನ್ನೂ ತಡೆದಿವೆ. ತಾಯಿಯ ಹಾಲೂ ಒಡಹುಟ್ಟುಗಳೊಡನೆ ಆಡುವ ಆಟವೂ ಮೆಲ್ಲಗೆ ಬಾಯಿ ಹಾಕುವುದನ್ನು ಕಲಿಸುತ್ತವೆ. ಬೇಗ ಬೇರ್ಪಟ್ಟದ್ದು ಆ ಪಾಠವನ್ನು ಮನೆಯ ಮಕ್ಕಳ ಕೈಯ ಮೇಲೆ ಕಲಿಯುತ್ತದೆ. ಬೆಳೆದ ಮೇಲೆ ಸಂತಾನಹರಣದ ಶಸ್ತ್ರಚಿಕಿತ್ಸೆಯನ್ನೂ ಮಾಡಿಸತಕ್ಕದ್ದು. ಹೆಣ್ಣುಮರಿ ಬೇಡವೆಂದು ಗಂಡನ್ನೇ ಆರಿಸಿ ತರುವವರು ಆ ಚಿಕಿತ್ಸೆ ಇರುವುದನ್ನು ತಿಳಿದವರಲ್ಲ; ಹೆಣ್ಣೆಂಬ ಕಾರಣಕ್ಕೆ ಕುನ್ನಿಯನ್ನೂ ಹೊರಗಿಡುವ ರೂಢಿಯು ಶರಣಧರ್ಮದವರಿಗೆ ಶೋಭಿಸುವಂಥದೂ ಅಲ್ಲ.

ಇಷ್ಟನ್ನೆಲ್ಲ ವಿಚಾರಿಸಿ, ಗಂಡ ಹೆಂಡಿರಿಬ್ಬರೂ ಕೂಡಿ ತರುವುದೆಂದು ನಿಶ್ಚಯಿಸಿದರೆ ಆ ಮನೆ ಧನ್ಯ. ಬೇಡವೆಂದು ನಿಶ್ಚಯಿಸಿದರೆ? ಇದರಲ್ಲಿ ದಯೆಯ ಕೊರತೆಯನ್ನು ಕಾಣಬೇಕಾಗಿಲ್ಲ. ತಾನು ಹೊರಲಾರದ ಭಾರವನ್ನು ಹೊರಲಾರೆನೆಂದು ಮೊದಲೇ ಹೇಳಿದವನಿಂದ ಯಾವ ಪ್ರಾಣಿಯೂ ಸಂಕಟಪಡುವುದಿಲ್ಲ. ಆದರೆ ಮಗುವಿಗೆ ಅದನ್ನು ಹೇಳುವ ರೀತಿಯಲ್ಲಿ ಸದಾಚಾರವಿರಬೇಕು. ಮುಂದಿನ ವಾರ, ಹಬ್ಬ ಮುಗಿಯಲಿ, ಪರೀಕ್ಷೆಯಲ್ಲಿ ಮೇಲೆ ಬಂದರೆ ತರೋಣ ಎಂದು ದಿನ ನೂಕುವುದು ಸುಳ್ಳೇ ಸರಿ. ಹಟ ತಣಿಯಲೆಂದು ಆಡಿದ ಸುಳ್ಳನ್ನೂ ಮಗು ನೆನಪಿಡುತ್ತದೆ. ನಾಯಿ ಕೆಟ್ಟದ್ದು, ಕಚ್ಚುತ್ತದೆ, ಹೊಲಸು ಎಂದು ಹೆದರಿಸಿ ಬಾಯಿ ಮುಚ್ಚಿಸ ಹೋದರೆ, ದಯೆ ಕಲಿಯಬೇಕೆಂಬ ಮಗುವಿಗೆ ಜೀವವೊಂದನ್ನು ಹೀನವಾಗಿ ಕಾಣಲು ತಂದೆಯೇ ಕಲಿಸಿದಂತಾಯಿತು. ತಂಗಿ ಇನ್ನೂ ಚಿಕ್ಕವಳು, ಅವ್ವನಿಗೆ ಕೆಲಸ ಬಹಳ, ನಮ್ಮಿಂದ ಈಗ ಅದನ್ನು ಚೆನ್ನಾಗಿ ನೋಡಿಕೊಳ್ಳಲಾಗದು ಎಂದು ಇದ್ದುದನ್ನು ಇದ್ದಂತೆ ಹೇಳಿದರೆ ಏಳು ವರ್ಷದವನಿಗೂ ತಿಳಿಯುತ್ತದೆ. ಅತ್ತರೆ ಒಂದು ದಿನ ಅಳಲಿ.

ಅಷ್ಟರಲ್ಲಿ ಮಾಡಬಹುದಾದ ಕೆಲಸವಿದ್ದೇ ಇದೆ. ಸೆಪ್ಟೆಂಬರ್ ೨೮, ಪಾಶ್ಚರನು ತೀರಿಕೊಂಡ ದಿನ. ಅದನ್ನು ಜಗತ್ತಿನಲ್ಲೆಲ್ಲ ಹುಚ್ಚುನಾಯಿ ರೋಗದ ತಡೆಗಾಗಿ ಆಚರಿಸುತ್ತಾರೆ, ಅದರ ಸುತ್ತಮುತ್ತ ಪಶು ಇಲಾಖೆಯವರು ಉಚಿತ ಲಸಿಕೆ ಹಾಕುವುದೂ ಉಂಟು. ಓಣಿಯ ನಾಲ್ಕು ಮನೆಯವರು ಕೂಡಿ ತಮ್ಮ ರೊಟ್ಟಿ ತಿನ್ನುವ ನಾಯಿಗಳನ್ನು ಹಿಡಿದು ಲಸಿಕೆ ಹಾಕಿಸಬಹುದು. ಶಿವರಾತ್ರಿಯಿಂದ ಮಳೆ ಬೀಳುವವರೆಗೆ ಬಾಗಿಲ ಹೊರಗೆ ನೆರಳಿನಲ್ಲಿ ಒಂದು ಕಲ್ಲಿನ ದೋಣಿಯನ್ನಿಟ್ಟು, ದಿನಾಲೂ ಬೆಳಿಗ್ಗೆ ಅದನ್ನು ತೊಳೆದು ನೀರು ತುಂಬುವ ಕೆಲಸವನ್ನು ಆ ಹುಡುಗನಿಗೆ ವಹಿಸಬಹುದು. ಅವನು ಚೈತ್ರದ ನಡುಬಿಸಿಲಿನಲ್ಲಿಯೂ ಯಾರೂ ನೆನಪು ಮಾಡದೆ ತುಂಬಿದನೇ, ತಾನು ಮರೆತ ದಿನ ತಂದೆಯು ತುಂಬಿದನೇ, ಅಥವಾ ಎಲ್ಲ ದಿನವೂ ತಾಯಿಯೇ ತುಂಬಬೇಕಾಯಿತೇ ಎಂಬುದು ಮೃಗಶಿರಾ ಮಳೆಯ ಹೊತ್ತಿಗೆ ಮನೆಮಂದಿಗೆಲ್ಲ ತಿಳಿದಿರುತ್ತದೆ. ಮುಂದಿನ ಚಳಿಗಾಲಕ್ಕೆ ಮಗನಿಗೆ ಎಂಟು, ಮಗಳಿಗೆ ನಾಲ್ಕು. ಓಣಿಯ ನಾಯಿ ಆಗಲೂ ಎಲ್ಲಿಯೋ ಒಂದು ಸಂದಿಯಲ್ಲಿ ಈದಿರುತ್ತದೆ. ಗಂಡ ಹೆಂಡಿರು ಮತ್ತೊಮ್ಮೆ ಕುಳಿತು ಮಾತಾಡಬಹುದು.